ನಲವತ್ತಮೂರನೇ ನೆರಳು

ಸಂಪತ್ಕುಮಾರ ಮೇಷ್ಟ್ರು ಹುಡುಗರ ಎದೆ ಅಳೆಯುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಹನ್ನೆರಡು ವರ್ಷ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಇಷ್ಟೇ. ಆ ಕೆಲಸದ ಬಲದಿಂದ ಅವರು ವಿಶ್ವವಿದ್ಯಾನಿಲಯದ ಆರೋಗ್ಯ ಮತ್ತು ವಿನೋದ ವಿಭಾಗಕ್ಕೆ ಮುಖ್ಯಸ್ಥರಾದರು. ನಾನು ಅವರ ರಿಜಿಸ್ಟರು ಹೊತ್ತುಕೊಂಡು ಹಿಂದೆಯೇ ಹೋದೆ. ಇವತ್ತು ಹೇಳಹೊರಟಿರುವುದು ಆ ರಿಜಿಸ್ಟರಿನ ಒಂದೇ ಒಂದು ಸಾಲಿನ ವಿಷಯ.

ಮೇಷ್ಟ್ರು ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ಮನೆತನವೆಲ್ಲ ಪೂಜೆ, ಪಾಠ, ಕಚೇರಿ ಗುಮಾಸ್ತಿಕೆ. ಇವರೊಬ್ಬರು ಮಾತ್ರ ಬೆಳಗಾಗೆದ್ದು ಹೇಮಾವತಿಯ ಮರಳಿನಲ್ಲಿ ದಂಡ ಬಸ್ಕಿ ಹೊಡೆದು ಮೈ ಬೆಳೆಸಿದವರು. “ಏನಯ್ಯಾ ಸಂಪತ್ತು, ಸಂಧ್ಯಾವಂದನೆಗೆ ಇಷ್ಟು ದಪ್ಪ ತೋಳು ಯಾತಕ್ಕಯ್ಯಾ?” ಎಂದು ಬೀದಿಯ ಹಿರಿಯರು ಕಿಚಾಯಿಸಿದರೆ, “ಅರ್ಘ್ಯ ದೂರ ಹೋಗಿ ಬೀಳಲಿ ಅಂತ ಮಾವಾ” ಎನ್ನುತ್ತಿದ್ದರು. ಮಾತಿನಲ್ಲಿ ಸೋಲುವ ಆಸಾಮಿಯಲ್ಲ. ಡ್ರಿಲ್ ಮೇಷ್ಟ್ರ ಕೆಲಸ ಸಿಕ್ಕಾಗ ಅವರಿಗೆ ಇಪ್ಪತ್ತಾರು.

ನಾನು ರುದ್ರಯ್ಯ. ಅರಕಲಗೂಡಿನ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರ ಮಗ. ಲೋಯರ್ ಸೆಕೆಂಡರಿ ಪಾಸು ಮಾಡಿ, ಅಂಗಡಿಯಲ್ಲಿ ಕೂರಲು ಬೇಸರವಾಗಿ ಮೇಷ್ಟ್ರಿಗೆ ಸಹಾಯಕನಾದೆ. ಎದೆ ಅಳೆಯುವ ಟೇಪು ನಮ್ಮಂಗಡಿಯ ಜಗಲಿಯ ಮೇಲೆ ಹೊಲಿಯುತ್ತಿದ್ದ ದರ್ಜಿಯದು. ಕೇಳಿ ತಂದುಕೊಟ್ಟವನು ನಾನೇ.

೧೯೩೩ರ ಸಂಕ್ರಾಂತಿ ಕಳೆದ ಮೇಲೆ ಅಳತೆ ಶುರುವಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ನಾಲ್ಕು ತಾಲ್ಲೂಕು, ನಾಲ್ಕು ಶಾಲೆ. ವರ್ಷಕ್ಕೊಂದು ಸಲ, ಅದೇ ತಿಂಗಳು, ಅದೇ ಒಂಬತ್ತು ಗಂಟೆಯ ಬಿಸಿಲು, ಅದೇ ಹುಡುಗರು. ಉಸಿರು ಬಿಟ್ಟಾಗ ಎದೆ ಎಷ್ಟು ಅಂಗುಲ, ತುಂಬಿಕೊಂಡಾಗ ಎಷ್ಟು. ವರ್ಷವಿಡೀ ಮೇಷ್ಟ್ರು ಹೇಳಿಕೊಟ್ಟ ಉಸಿರಾಟದ ಕವಾಯತು. ಬಂದ ಹುಡುಗನಿಗೆ ಒಂದು ಹಿಡಿ ನೆನೆಸಿದ ಕಡಲೆ. ಶಾಲೆ ಬಿಟ್ಟ ಹುಡುಗರೂ ಅಳತೆಯ ದಿನ ಕಡಲೆಗಾಗಿ ಓಡಿ ಬರುತ್ತಿದ್ದರು.

ಟೇಪು ಸುತ್ತುವಾಗ ಮೇಷ್ಟ್ರ ಎರಡು ಅಂಗೈಯೂ ಹುಡುಗನ ಪಕ್ಕೆಗೆ ತಾಗುತ್ತಿದ್ದವು. ಮೈ ಬಿಸಿಯಿದ್ದರೆ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು. “ಲೋ, ಜ್ವರ ಇದೆಯಲ್ಲೋ ನಿಂಗೆ! ರುದ್ರಯ್ಯ, ಇವನನ್ನ ಮರದಡಿ ಕೂರಿಸು, ಕ್ವಿನೈನ್ ಕೊಡು. ಇವನಿಗೆ ಇವತ್ತು ಕವಾಯತು ಬೇಡ.” ನಡುಕದ ಜ್ವರ ಊರೂರನ್ನೇ ಮಲಗಿಸುತ್ತಿದ್ದ ಕಾಲ ಅದು. ಆ ಅಂಗೈಯಿಂದ ಬದುಕಿಕೊಂಡ ಹುಡುಗರನ್ನು ನಾನು ಹೆಸರು ಹಿಡಿದು ಹೇಳಬಲ್ಲೆ. ಮೇಷ್ಟ್ರು ರಾಕ್ಷಸರಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಅವರು ಒಳ್ಳೆಯವರು.

ಚನ್ನರಾಯಪಟ್ಟಣದ ಪಟ್ಟಿಯಲ್ಲಿ ನಲವತ್ತೆಂಟು ಹುಡುಗರಿದ್ದರು. ಶಾಲೆಯ ಹೆಸರು ಬೇಡ. ಮೊದಲ ನಲವತ್ತೆರಡು ಊರೊಳಗಿನವರು. ಕೊನೆಯ ಆರು ಕೇರಿಯವರು. ಸರ್ಕಾರಿ ಕಾಗದದಲ್ಲಿ ‘ಆದಿಕರ್ನಾಟಕ’ ಅಂತ ಗೌರವವಾಗಿಯೇ ಬರೆದಿರುತ್ತಿತ್ತು. ಅವರನ್ನೂ ಅಳೆಯಲೇಬೇಕೆಂದು ಹುಕುಂ ಇತ್ತು. ಮುಟ್ಟಬೇಕೆಂದು ಹುಕುಂ ಇರಲಿಲ್ಲ.

ಮೊದಲ ವರ್ಷ ನಲವತ್ತೆರಡನೆಯವನು ಮುಗಿದಾಗ ಮೇಷ್ಟ್ರು ಟೇಪು ಸುರುಳಿ ಸುತ್ತಿ ಜೇಬಿಗಿಟ್ಟರು. ನನ್ನ ಮುಖ ನೋಡಿದರು. ನಾನು ಕೊರಳಿನ ಲಿಂಗ ಮುಟ್ಟಿಕೊಂಡು ಬೇರೆ ಕಡೆ ನೋಡಿದೆ. ಆಗ ಅವರಿಗೆ ಆ ಉಪಾಯ ಹೊಳೆಯಿತು. ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದರು. ಹುಡುಗ ಬಿಸಿಲಿಗೆ ಬೆನ್ನು ಮಾಡಿ, ಎರಡೂ ಕೈ ಮೇಲೆತ್ತಿ, ಗೆರೆಯಾಚೆ ನಿಲ್ಲಬೇಕು. ಅವನ ನೆರಳು ಗೆರೆಯೀಚೆ ನಮ್ಮ ಕಾಲ ಬಳಿ ಬೀಳುತ್ತದೆ. ಮೇಷ್ಟ್ರು ಬಗ್ಗಿ ಆ ನೆರಳಿನ ಎದೆಯ ಅಗಲಕ್ಕೆ ಅಳತೆಕೋಲು ಇಡುತ್ತಾರೆ. ಅಗಲವನ್ನು ಮೂರರಿಂದ ಗುಣಿಸಿದರೆ ಎದೆಯ ಸುತ್ತಳತೆ. ಉಸಿರು ತುಂಬಿದಾಗ ನೆರಳು ಕೂದಲೆಳೆಯಷ್ಟು ಹಿಗ್ಗುತ್ತದೆಯಂತೆ. ಮಿಕ್ಕದ್ದು ಅನುಭವದ ಅಂದಾಜು. ಇದಕ್ಕೆ ಅವರು ಆಮೇಲೆ ‘ಛಾಯಾಮಾನ’ ಅಂತ ಹೆಸರಿಟ್ಟರು. ಹೆಸರು ಕೇಳಿದರೆ ಯಾರಾದರೂ ಕೈ ಮುಗಿಯಬೇಕು, ಹಾಗಿತ್ತು.

“ನಲವತ್ತಮೂರು” ಎಂದು ನಾನು ಕೂಗಿದೆ. ಹುಚ್ಚಯ್ಯ, ತಂದೆ ಬೈರಯ್ಯ, ವಯಸ್ಸು ಹನ್ನೊಂದು. ಗೆರೆಯ ಮೇಲೆ ಒಂದು ಸಣಕಲು ನೆರಳು ಬಂತು. ಸ್ವಲ್ಪ ತೂಗಾಡುತ್ತಿತ್ತು.

“ಅಲ್ಲಾಡಬೇಡ ಅನ್ನಯ್ಯ ಅವನಿಗೆ” ಎಂದರು ಮೇಷ್ಟ್ರು, ನೆಲ ನೋಡುತ್ತಲೇ.

“ಲೇ, ಅಲ್ಲಾಡಬೇಡವೋ” ಎಂದೆ ನಾನು, ರಿಜಿಸ್ಟರು ನೋಡುತ್ತಲೇ.

“ಸಾ, ನಂಗೆ...” ಅಂತ ಆಚೆಯಿಂದ ಒಂದು ದನಿ ಬಂತು.

“ಮಾತಾಡಿದರೆ ನೆರಳು ಕದಲುತ್ತೆ. ಸುಮ್ಮನಿರಲಿ.”

ಇಪ್ಪತ್ತೆರಡೂವರೆ ಅಂತ ಬರೆದುಕೊಂಡೆ. ಆಮೇಲೆ ಅರ್ಧ ಗಂಟೆ ಬಿಸಿಲಿನಲ್ಲಿ ಉಸಿರಾಟದ ಕವಾಯತು ನಡೆಯಿತು. ಆಮೇಲೆ ಕಡಲೆ. ಕೇರಿಯ ಹುಡುಗರಿಗೆ ಎಲೆಯ ಮೇಲೆ ಇಟ್ಟು ದೂರ ಸರಿದೆವು.

ಮುಂದಿನ ಐದು ವರ್ಷವೂ ನಾನು “ನಲವತ್ತಮೂರು” ಎಂದು ಕೂಗಿದೆ. ಐದು ವರ್ಷವೂ ನೆರಳು ಬಂತು. ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತೊಂದೂವರೆ. ಮಿಕ್ಕ ಯಾವ ಹುಡುಗನೂ ಹಾಗೆ ಬೆಳೆಯಲಿಲ್ಲ. ಹಾಸನದಲ್ಲಿ ಹಾಲು ತುಪ್ಪ ತಿಂದವರೂ ಬೆಳೆಯಲಿಲ್ಲ. ೧೯೩೮ಕ್ಕೆ ಮೂವತ್ತಾರು ಅಂಗುಲ, ಉಸಿರು ತುಂಬಿ ನಲವತ್ತೂವರೆ. ಮೇಷ್ಟ್ರು ಅಳತೆಕೋಲನ್ನು ಮೂರು ಸಲ ಇಟ್ಟು ನೋಡಿ, “ಭಲೆ!” ಎಂದು ನೆಲಕ್ಕೆ ಹೇಳಿದರು.

ಕೆಲವು ಸಂಗತಿ ನನಗೆ ಆಗಲೇ ಕಾಣಿಸಿದ್ದವು. ಕಂಡರೂ ಕಾಣಿಸಲಿಲ್ಲ ಅಂತ ಇಟ್ಟುಕೊಂಡೆ. ಗೆರೆಯಾಚೆ ಸುಣ್ಣದ ಪುಡಿ ಚೆಲ್ಲಿರುತ್ತಿತ್ತಲ್ಲ, ನಲವತ್ತನಾಲ್ಕನೆಯವನು ನಿಂತು ಹೋದರೆ ಅವನ ಹೆಜ್ಜೆ ಮೂಡುತ್ತಿತ್ತು, ನಲವತ್ತಮೂರನೆಯವನದು ಮೂಡುತ್ತಿರಲಿಲ್ಲ. ಒಂದು ವರ್ಷ ಅಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದ ನಾಯಿ, ನಾನು ನಂಬರು ಕೂಗಿದ್ದೇ ತಡ, ಎದ್ದು ಜಾಗ ಬಿಟ್ಟು ಹೋಗಿ ನಿಂತುಕೊಂಡಿತು. ಇನ್ನೊಂದು ವರ್ಷ ಕೇರಿಯ ಹುಡುಗನೊಬ್ಬ, “ಸಾ, ನಲವತ್ಮೂರು ಅಂದ್ರೆ ಉಚ್ಚಯ್ಯ ಅಲ್ವಾ ಸಾ, ಅವ್ನು...” ಎಂದು ಶುರು ಮಾಡಿದ. ಮೇಷ್ಟ್ರು ದೂರದಿಂದಲೇ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲೆಯ ಮೇಲಿಟ್ಟ ಆರು ಪಾಲು ಕಡಲೆಯಲ್ಲಿ ಒಂದು ಪಾಲು ಯಾವಾಗಲೂ ಉಳಿಯುತ್ತಿತ್ತು. ಹಸಿದ ಹುಡುಗರು ಅದನ್ನು ಯಾಕೆ ಮುಟ್ಟುವುದಿಲ್ಲ ಅಂತ ನಾನು ಕೇಳಲಿಲ್ಲ.

ಮೇಷ್ಟ್ರು ಮದರಾಸಿಗೆ ಹೋಗಿ ಡಿಪ್ಲೊಮಾ ತಂದರು. ನಾಲ್ಕು ತಾಲ್ಲೂಕಿನ ಅಂಕಿಯನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ಅದರ ನಡುಗಂಬ ಆ ನಲವತ್ತಮೂರನೇ ಸಾಲು. ಅರೆಹೊಟ್ಟೆ ರಾಗಿ ಮುದ್ದೆ ತಿನ್ನುವ ಹುಡುಗ, ಬರೀ ಉಸಿರಾಟದಿಂದ, ಹಾಲು ಕುಡಿದವರನ್ನು ಮೀರಿಸಿದ. ಅಂದಮೇಲೆ ಬಡವರ ಮಕ್ಕಳಿಗೆ ಬೇಕಾದದ್ದು ಹೆಚ್ಚು ಅನ್ನವಲ್ಲ, ಸರಿಯಾದ ಉಸಿರು. ದೊಡ್ಡ ದೊಡ್ಡವರು ಈ ಮಾತಿಗೆ ಎಷ್ಟು ಖುಷಿಪಟ್ಟರು ಅಂತ ಹೇಳಬೇಕೆ? ಹೊಟ್ಟೆ ತುಂಬಿದವರಿಗೆ ಇದಕ್ಕಿಂತ ಹಿತವಾದ ಮಾತು ಯಾರು ಹೇಳಿಯಾರು? ಮರುವರ್ಷವೇ ಶಾಲೆಗಳಲ್ಲಿ ನೆನೆಸಿದ ಕಡಲೆ ನಿಂತುಹೋಯಿತು. ಅದಕ್ಕೆ ಆಧಾರ ಅಂತ ತೋರಿಸಿದ್ದು ಮೇಷ್ಟ್ರ ಪುಸ್ತಕ. ಆ ಪುಸ್ತಕದಲ್ಲಿ ನೆರಳಿನ ಸುದ್ದಿ ಒಂದಕ್ಷರವೂ ಇರಲಿಲ್ಲ. ಅಂಕಿ ಇತ್ತು. ಅಂಕಿ ನನ್ನ ಕೈಬರಹದ್ದು.

ಮೇಷ್ಟ್ರು ಲೆಕ್ಚರರ್ ಆದರು, ಸೂಪರಿಂಟೆಂಡೆಂಟ್ ಆದರು. ೧೯೪೪ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಹೊಸ ವಿಭಾಗ, ಅದಕ್ಕೊಬ್ಬ ಮುಖ್ಯಸ್ಥ ಅಂತ ಆದಾಗ ಅವರ ಹೆಸರೇ ಮುಂದೆ ಬಂತು. ಆಯ್ಕೆ ಸಮಿತಿಯ ಮೂವರು ಒಂದು ಮಾತು ಬರೆದರು: ನಾಲ್ಕು ತಾಲ್ಲೂಕಿನಿಂದ ನಾಲ್ಕು ಮಾದರಿ ಯುವಕರನ್ನು ಹಾಸನಕ್ಕೆ ಕರೆಸಿ, ನಮ್ಮೆದುರು ಅಳೆದು ತೋರಿಸಿ. ಚನ್ನರಾಯಪಟ್ಟಣದಿಂದ ನಲವತ್ತಮೂರನೆಯವನೇ ಬರಬೇಕು.

“ಎಲ್ಲಿದ್ದಾನಯ್ಯಾ ಅವನು?” ಎಂದರು ಮೇಷ್ಟ್ರು.

“ಹುಡುಕೋಣ ಸಾರ್.”

“ಮುಖ ಹೇಗಿತ್ತು? ಗುರುತು ಸಿಗುತ್ತಾ ನಿಂಗೆ?”

ನನಗೂ ಸಿಗುತ್ತಿರಲಿಲ್ಲ.

ಪೆಟ್ರೋಲಿಲ್ಲದ ಆ ಯುದ್ಧಕಾಲದ ಇದ್ದಿಲು ಬಸ್ಸಿನಲ್ಲಿ ಹಿರೀಸಾವೆಗೆ ಹೋಗಿ ಇಳಿದು, ಹೋಟಲಿನಲ್ಲಿ ಕಾಫಿ ಅನ್ನುವ ಬೆಲ್ಲದ ನೀರು ಕುಡಿದು, ಎರಡು ಮೈಲಿ ನಡೆದೆವು. ಕೇರಿಯ ಒಳಕ್ಕೆ ಹೋಗಲಿಲ್ಲ. ಹೊರಗೆ ಹೊಂಗೆಮರದ ಹತ್ತಿರ ನಿಂತು ಕೂಗಿದೆವು. ಹತ್ತು ಮಾರು ಆಚೆ ಒಬ್ಬ ಹೆಂಗಸು ಕೂತು ಹುಣಿಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು.

“ಬೈರಯ್ಯನ ಮಗ ಹುಚ್ಚಯ್ಯನ ಮನೆ ಯಾವುದಮ್ಮಾ?” ಎಂದೆ.

“ಯಾವ ಉಚ್ಚಯ್ಯ ಬುದ್ದಿ?”

“ನಮ್ಮ ಕವಾಯತಿಗೆ ಬರ್ತಿದ್ದನಲ್ಲ. ಈಗ ಇಪ್ಪತ್ತೆರಡು ವಯಸ್ಸು ಇರಬೇಕು. ಗಟ್ಟಿ ಆಳು.”

ಅವಳು ಕೈಲಿದ್ದ ಕಲ್ಲು ಕೆಳಗಿಟ್ಟಳು. ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನಕ್ಕಳು. ಆ ನಗೆ ನನಗೆ ಹಿಡಿಸಲಿಲ್ಲ.

“ಗಟ್ಟಿ ಆಳಾ? ನಾನು ಅವ್ನ ಅವ್ವ ಕಣ ಬುದ್ದಿ, ಬೆಟ್ಟಮ್ಮ. ನನ್ ಮಗ ಸತ್ತು ಅನ್ನೊಂದು ವರ್ಸ ಆತು. ನೀವು ಮೊದಲ್ನೇ ಕಿತ ಅಳೆಯಾಕ್ ಬಂದ್ರಲ್ಲ, ಅದಾದ ಮೂರ್ನೇ ದಿನ.”

ಮಟಮಟ ಬಿಸಿಲು. ಹೊಂಗೆಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

“ತಪ್ಪು ತಿಳ್ಕೊಂಡಿದ್ದೀಯಮ್ಮ” ಎಂದರು ಮೇಷ್ಟ್ರು. “ಅದಾದಮೇಲೆ ಐದು ವರ್ಷ ಅವನನ್ನ ನಾನೇ ಅಳೆದಿದ್ದೀನಿ.”

“ಯಾರ್ನ ಅಳುದ್ರಿ?”

“ಹುಚ್ಚಯ್ಯನ್ನ.”

“ಮೊಕ ನೋಡಿದ್ರಾ?”

ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಕಾಲಬೆರಳಿನಿಂದ ಮಣ್ಣು ಕೆದಕಿದೆ.

“ಅವತ್ತು ಅವ್ನ ಮೈ ಕೆಂಡ ಆಗಿತ್ತು” ಎಂದಳು ಬೆಟ್ಟಮ್ಮ. ದನಿ ಏರಿಸಲಿಲ್ಲ, ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. “ಓಗ್ಬ್ಯಾಡ ಕಣ್ಲಾ ಅಂದೆ. ಇಲ್ಲ ಕಣವ್ವ, ಮೇಷ್ಟ್ರು ಮೈ ಮುಟ್ಟಿ ನೋಡ್ತಾರಂತೆ, ಜರ ಇದ್ರೆ ಗುಳಿಗೆ ಕೊಡ್ತಾರಂತೆ, ಮರದಡಿ ಕೂರುಸ್ತಾರಂತೆ, ಬ್ಯಾರೆ ಇಸ್ಕೂಲ್ನಾಗೆ ಅಂಗೇ ಮಾಡುದ್ರಂತೆ ಅಂದ. ಗುಳಿಗೇಗೇ ಓದ. ತೂರಾಡ್ಕೊಂಡು ಬಂದ್ಬುಟ್ಟ. ಏನ್ಲಾ, ಗುಳಿಗೆ ಕೊಟ್ರಾ ಅಂದೆ. ‘ನಂದು ನೆಳ್ಳು ಅಳುದ್ರು ಕಣವ್ವ. ನೆಳ್ಳಿಗೆ ಜರ ಇರ್ನಿಲ್ಲ’ ಅಂದ. ಅಂದು ಮಲಗ್ದ.”

ಆಗ ಮೇಷ್ಟ್ರು ಅಲ್ಲಿಯೇ ಕುಸಿದು ಕೂತು ಅತ್ತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೇಳಿದ್ದು ಇದು: “ಅವನ ವಾರಿಗೆಯ ನೆಂಟರ ಹುಡುಗರು ಯಾರಾದರೂ ಇದ್ದಾರಾ? ಒಂದೇ ಒಂದು ದಿನದ ಮಟ್ಟಿಗೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

“ನಿಮ್ಗೆ ಬೇಕಾಗಿರಾದು ಉಚ್ಚಯ್ಯ ತಾನೇ? ಬ್ಯಾರೆಯವ್ರು ಯಾಕೆ? ಅವುನ್ನೇ ಕರ್ಕೊಂಡ್ ಬತ್ತೀನಿ. ಎಲ್ಲಿಗೆ ಬರ್ಬೇಕು ಏಳಿ.”

“ಹಾಸನಕ್ಕೆ. ಬರೋ ಸೋಮವಾರ, ಒಂಬತ್ತು ಗಂಟೆ.”

“ಒಂದ್ ಮಾತು ಬುದ್ದಿ. ಈ ಕಿತ ಟೇಪ್ನಾಗೆ ಅಳೀಬೇಕು. ಊರೋರ ಮಕ್ಕಳ್ನ ಅಳುದ್ರಲ್ಲ, ಅಂಗೆ. ಕೈಯಾಗ್ ಮುಟ್ಟಿ.”

“ಆಗಲಿ” ಎಂದರು ಮೇಷ್ಟ್ರು.

ಬಸ್ಸಿನಲ್ಲಿ ಅವರು ಹಗುರಾಗಿದ್ದರು. “ಜಾಣೆ ಅವಳು. ಅರ್ಥ ಮಾಡ್ಕೊಂಡ್ಳು. ಯಾರೋ ಒಬ್ಬ ಗಟ್ಟಿಮುಟ್ಟಾದವನನ್ನ ತರ್ತಾಳೆ ನೋಡು.”

“ಮುಟ್ಟಬೇಕು ಅಂದಳಲ್ಲ ಸಾರ್.”

“ಮುಟ್ಟಿದರಾಯ್ತು. ಮನೆಗೆ ಹೋಗಿ ಸ್ನಾನ ಮಾಡಿದರಾಯ್ತು. ಹನ್ನೊಂದು ವರ್ಷದ ತಪಸ್ಸನ್ನ ನಾಲ್ಕು ಚೊಂಬು ನೀರಿಗೆ ಹೆದರಿ ಬಿಡ್ತಾರೇನಯ್ಯಾ?”

ಹನ್ನೊಂದು ವರ್ಷದ ಹಿಂದೆ ಇದ್ದದ್ದೂ ಅದೇ ನಾಲ್ಕು ಚೊಂಬು ನೀರು. ನಾನು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಮೇಷ್ಟ್ರು ಮುಖ್ಯಸ್ಥರಾದರೆ ನನಗೂ ಅಲ್ಲೊಂದು ಕುರ್ಚಿ ಅಂತ ಮಾತಾಗಿತ್ತು.

ಸೋಮವಾರ. ಹಾಸನದ ಮೈದಾನದಲ್ಲಿ ಸಮಿತಿಯ ಮೂವರೂ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುಂದೆ ಮೇಜು, ಮೇಜಿನ ಮೇಲೆ ಉಪ್ಪಿಟ್ಟು, ಕಾಫಿ, ಮೇಷ್ಟ್ರ ಪುಸ್ತಕ. ನಾವು ನಿಂತಿದ್ದ ಸುಣ್ಣದ ಗೆರೆ ಅವರಿಂದ ನಲವತ್ತು ಗಜ. ಹಾಸನದವನೊಬ್ಬ ಪೊಲೀಸು, ಹೊಳೆನರಸೀಪುರದವನೊಬ್ಬ ಕಂಪೌಂಡರು, ಅರಕಲಗೂಡಿನವನೊಬ್ಬ ಜಟ್ಟಿ. ಮೂವರ ಎದೆಯನ್ನೂ ಮೇಷ್ಟ್ರು ಟೇಪಿನಲ್ಲಿ ಅಳೆದು ಗಟ್ಟಿಯಾಗಿ ಕೂಗಿದರು, ನಾನು ಬರೆದೆ. ಮರದಡಿಯಿಂದ “ಗುಡ್, ಗುಡ್” ಅಂತ ಕೇಳಿಸಿತು.

“ನಾಲ್ಕನೆಯವನು ಎಲ್ಲಿ?” ಅಧ್ಯಕ್ಷರು ಕೂಗಿದರು.

ಮೈದಾನದ ಬೇಲಿಯ ಸಂದಿನಿಂದ ಬೆಟ್ಟಮ್ಮ ಬರುತ್ತಿದ್ದಳು. ಒಬ್ಬಳೇ. ಮೇಷ್ಟ್ರ ಮುಖ ಬಿಳಿಚಿತು. “ಯಾರನ್ನೂ ತಂದಿಲ್ಲವಲ್ಲಯ್ಯಾ ಇವಳು! ಮುಳುಗಿಸಿದಳು!”

ನಾನು ಅವಳನ್ನು ನೋಡಲಿಲ್ಲ. ಅಭ್ಯಾಸಬಲ, ನೆಲ ನೋಡಿದೆ. ಅವಳ ಮುಂದೆ ಮುಂದೆ ಎರಡು ನೆರಳು ಬರುತ್ತಿದ್ದವು. ಒಂದು ಅವಳದು, ತಲೆಯ ಮೇಲೆ ಸೆರಗು ಹೊದ್ದದ್ದು. ಇನ್ನೊಂದು ಪಕ್ಕದಲ್ಲಿ, ಆಳೆತ್ತರ, ಅಗಲ ಭುಜ, ಗರಡಿಯಲ್ಲಿ ಪಳಗಿದವನ ಎದೆ. ನನಗೆ ಆ ಎದೆ ಚೆನ್ನಾಗಿ ಗೊತ್ತು. ಮೂವತ್ತಾರು ಅಂಗುಲ. ನಾನೇ ಬರೆದದ್ದು.

ಬೆಟ್ಟಮ್ಮ ಗೆರೆಗೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಅವಳ ನೆರಳು ನಿಂತಿತು. ಇನ್ನೊಂದು ನಡೆದು ಬಂದು ಗೆರೆ ದಾಟಿ ನಮ್ಮ ಕಾಲ ಬಳಿ ಬಿದ್ದು, ಎರಡೂ ಕೈ ಮೇಲೆತ್ತಿ ನಿಂತುಕೊಂಡಿತು. ಗೆರೆಯಾಚೆ ಸುಣ್ಣದ ಪುಡಿ ಚೆಲ್ಲಿದ್ದದ್ದು ಚೆಲ್ಲಿದ ಹಾಗೇ ಇತ್ತು.

“ಬಂದವ್ನೆ, ಅಳೀರಿ ಮೇಷ್ಟ್ರೇ” ಎಂದಳು. ಬುದ್ದಿ ಎನ್ನಲಿಲ್ಲ.

ಮೇಷ್ಟ್ರ ಕೈ ತಾನೇ ಅಳತೆಕೋಲಿನ ಕಡೆ ಹೋಯಿತು.

“ಕೋಲ್ ಬ್ಯಾಡ. ಮಾತು ಕೊಟ್ಟಿದ್ದೀರಿ.”

“ಏನು ತಡ?” ಮರದಡಿಯಿಂದ ಕೂಗು. ಅಲ್ಲಿ ಚಮಚದ ಸದ್ದು, ನಗು. ಮೂವರಲ್ಲಿ ಒಬ್ಬರಾದರೂ ತಲೆಯೆತ್ತಿ ಸರಿಯಾಗಿ ನೋಡಿದ್ದರೆ, ಗೆರೆಯಾಚೆ ಯಾರೂ ಇಲ್ಲ ಅಂತ ಕಾಣುತ್ತಿತ್ತು. ಅವರು ಪುಸ್ತಕದಲ್ಲಿ ನಲವತ್ತಮೂರನೇ ಸಾಲು ಹುಡುಕುತ್ತಿದ್ದರು.

ಮೇಷ್ಟ್ರು ಟೇಪು ಬಿಡಿಸಿದರು. ಗೆರೆ ದಾಟಿದರು. ಅಷ್ಟು ವರ್ಷದಲ್ಲಿ ಅವರು ಆ ಗೆರೆ ದಾಟಿದ್ದು ಅದೇ ಮೊದಲು. ಬರೀ ಗಾಳಿಗೆ, ಒಬ್ಬ ಗಂಡಸಿನ ಎದೆಯ ಎತ್ತರಕ್ಕೆ, ಎರಡೂ ತೋಳು ಚಾಚಿ ಟೇಪು ಸುತ್ತಿದರು. ಟೇಪು ಸಡಿಲವಾಗಿ ಕೆಳಕ್ಕೆ ಜಾರಿತು. ಅವರ ಸೊಂಟದ ಎತ್ತರಕ್ಕೆ ಬಂದು ಅಲ್ಲಿ ನಿಂತಿತು. ಏನೋ ತಡೆದಿತ್ತು. ಅವರು ಮೊಣಕಾಲೂರಿ ಕೂತು ಟೇಪಿನ ತುದಿಗಳನ್ನು ಕೂಡಿಸಿದರು. ಕೂಡಿಸಿದ ಕೂಡಲೇ ಟೇಪು ಸಣ್ಣಗೆ ಉಬ್ಬುತಗ್ಗಾಯಿತು. ಪಕ್ಕೆಲುಬಿನ ಮೇಲೆ ಬಟ್ಟೆ ಬಿದ್ದರೆ ಹೇಗೆ ಅಲೆಯಾಗುತ್ತದೆ, ಹಾಗೆ. ಒಂದೊಂದು ಎಲುಬನ್ನೂ ಎಣಿಸಬಹುದಿತ್ತು. ನೆಲದ ಮೇಲಿದ್ದ ನೆರಳು ಗಂಡಾಳಿನದು. ಟೇಪಿನೊಳಗಿದ್ದದ್ದು ಒಂದು ಮಗು.

ಮೇಷ್ಟ್ರು ಬೆಚ್ಚಿ ಕೈ ಹಿಂದೆಗೆಯಹೋದರು. ಅಂಗೈ ಬರಲಿಲ್ಲ. ನನ್ನ ಕಡೆ ಕತ್ತು ಹೊರಳಿಸಿ, ಹನ್ನೊಂದು ವರ್ಷದ ಹಿಂದಿನ ಅದೇ ದನಿಯಲ್ಲಿ, ಊರೊಳಗಿನ ಮಕ್ಕಳನ್ನು ಮುಟ್ಟಿದಾಗ ಬರುತ್ತಿದ್ದ ಆ ಒಳ್ಳೆಯ ದನಿಯಲ್ಲಿ ಹೇಳಿದರು:

“ಜ್ವರ ಇದೆ ರುದ್ರಯ್ಯ. ಸುಡ್ತಾ ಇದಾನೆ.”

ನಾನು ಹತ್ತಿರ ಬಗ್ಗಿ ಟೇಪಿನ ಅಂಕಿ ನೋಡಿದೆ. ಇಪ್ಪತ್ತೊಂದು.

“ಉಸಿರು ತುಂಬಪ್ಪಾ” ಎಂದರು ಮೇಷ್ಟ್ರು, ಗಾಳಿಗೆ. ನಾವಿಬ್ಬರೂ ಕಾದೆವು. ಟೇಪು ನಡುಗಿತು. ಇಪ್ಪತ್ತೊಂದು ಇಪ್ಪತ್ತೊಂದಾಗಿಯೇ ಉಳಿಯಿತು. ಅದರೊಳಗೆ ತುಂಬಿಕೊಳ್ಳುವ ಉಸಿರೇ ಇರಲಿಲ್ಲ.

“ಏನಯ್ಯಾ ಸಂಪತ್ಕುಮಾರ್, ಎಷ್ಟು?” ಅಧ್ಯಕ್ಷರ ಬೆರಳು ಪುಸ್ತಕದ ಸಾಲಿನ ಮೇಲಿತ್ತು.

ಮೇಷ್ಟ್ರ ತುಟಿ ಅಲ್ಲಾಡಿತು. ಬೆಟ್ಟಮ್ಮ ಅವರ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಅಂಕಿ, ನಿಜವಾದದ್ದು, ಎಲ್ಲರಿಗೂ ಕೇಳುವ ಹಾಗೆ. ಆ ಅಂಕಿ ಹೇಳಿದರೆ ಪುಸ್ತಕ ಸುಳ್ಳು, ಪದವಿ ಇಲ್ಲ, ನನ್ನ ಕುರ್ಚಿಯೂ ಇಲ್ಲ. ಹೇಳದಿದ್ದರೆ ಅವಳ ಮಗ ಎರಡನೇ ಸಲ ಗುಳಿಗೆಯಿಲ್ಲದೆ ಮನೆಗೆ ಹೋಗಬೇಕು.

ಮೇಷ್ಟ್ರ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ನಿಜವಾದ ನೀರು, ನಾನು ಕಂಡಿದ್ದೇನೆ. ಆ ನೀರು ಗಲ್ಲದಿಂದ ಕೆಳಗೆ ಬೀಳುವ ಮೊದಲು ಅವರು ಕೂಗಿದರು.

“ಮೂವತ್ತಾರು! ತುಂಬಿ, ನಲವತ್ತೂವರೆ!”

“ಎಕ್ಸಲೆಂಟ್!” ಎಂದಿತು ಬೇವಿನ ಮರ.

ಮೇಷ್ಟ್ರು ನನ್ನನ್ನು ನೋಡಿದರು. ಬೆಟ್ಟಮ್ಮ ನನ್ನನ್ನು ನೋಡಿದಳು. ಪೆನ್ಸಿಲು ನನ್ನ ಕೈಲಿತ್ತು.

ಮೂವತ್ತಾರು ಅಂತ ಬರೆದೆ.

ಬೆಟ್ಟಮ್ಮ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಸೆರಗು ಸರಿ ಮಾಡಿಕೊಂಡಳು. “ಮುಟ್ಟಿದ್ರಲ್ಲ ಮೇಷ್ಟ್ರೇ. ಗೊತ್ತಾಯ್ತಲ್ಲ. ಇನ್ನು ನೀವೇ ಮಡೀಕಳಿ ಅವ್ನ. ಎತ್ತವ್ವ ನಾನು, ಎಷ್ಟೂಂತ ವೊತ್ಕೊಂಡ್ ತಿರುಗ್ಲಿ?” ಎಂದಳು. ಬೇಲಿಯ ಸಂದಿನಿಂದ ಹೊರಟುಹೋದಳು. ಹೋಗುವಾಗ ಅವಳದು ಒಂದೇ ನೆರಳು.

ಮೇಷ್ಟ್ರು ಮುಖ್ಯಸ್ಥರಾದರು. ಹಾರ, ಸನ್ಮಾನ, ಪತ್ರಿಕೆಯಲ್ಲಿ ಫೋಟೋ. ಅವತ್ತು ಮನೆಗೆ ಹೋಗಿ ಅವರು ಸ್ನಾನ ಮಾಡಿದ್ದು ನಾಲ್ಕು ಚೊಂಬಲ್ಲ, ಬಾವಿಯ ಕಟ್ಟೆಯ ಮೇಲೆ ಸಂಜೆಯ ತನಕ ಸುರಿದುಕೊಂಡರಂತೆ. ಅಂಗೈಯ ಬಿಸಿ ಹೋಗಲಿಲ್ಲ. ಕೈ ಕುಲುಕಿದವರೆಲ್ಲ, “ಏನ್ ಸಾರ್, ಮೈ ಸರಿಯಿಲ್ಲವೇ?” ಎಂದು ಕೇಳುತ್ತಿದ್ದರು. ವೈದ್ಯರು ಥರ್ಮಾಮೀಟರು ಇಟ್ಟು ನೋಡಿ, ಏನೂ ಇಲ್ಲ ಎನ್ನುತ್ತಿದ್ದರು.

ಆರು ತಿಂಗಳಿಗೆ ಅವರ ಪತ್ನಿ ವೇದವತಮ್ಮನವರು ನನ್ನನ್ನು ಜಗಲಿಗೆ ಕರೆದರು. “ರುದ್ರಯ್ಯನೋರೇ, ನಿಮಗೊಬ್ಬರಿಗೇ ಹೇಳ್ತಿದ್ದೀನಿ. ಇವರ ಕೋಟು ಮೂರು ಸಲ ಚಿಕ್ಕದು ಮಾಡಿಸಿದೆ. ಊಟ ತಿಂಡಿ ಎಲ್ಲ ಚೆನ್ನಾಗೇ ಮಾಡ್ತಾರೆ. ಮುಖ ನೋಡಿದರೆ ಇಳಿದಿಲ್ಲ. ಎದೆ ಮಾತ್ರ ಒಳಗೇ ಹೋಗ್ತಾ ಇದೆ. ದರ್ಜಿ ಕೊನೇ ಸಲ ಟೇಪು ಹಾಕಿ ನೋಡಿ, ಅಂಕಿ ಹೇಳದೆ ಎದ್ದು ಹೋದ.”

ನಾನು, “ಕೆಲಸ ಜಾಸ್ತಿಯಮ್ಮ” ಎಂದೆ.

೧೯೪೫ರ ಸಂಕ್ರಾಂತಿ ಕಳೆದ ಮೇಲೆ ಹೊಸ ವಿಭಾಗದ ಮೊದಲ ಅಳತೆಯೂ ಹಾಸನದ ಅದೇ ಮೈದಾನದಲ್ಲೇ ಆಯಿತು. ಐನೂರು ಹುಡುಗರು ಸಾಲಾಗಿ ನಿಂತಿದ್ದರು. ಮೇಷ್ಟ್ರು ವೇದಿಕೆಯ ಮೇಲಿಂದ “ಉಸಿರು ಎಳೀರಿ!” ಎಂದು ಆಜ್ಞೆ ಕೊಟ್ಟರು. ಐನೂರು ಎದೆ ಒಟ್ಟಿಗೆ ಎದ್ದವು. “ಬಿಡಿ” ಎನ್ನುವ ಆಜ್ಞೆ ಬರಲಿಲ್ಲ. ಹುಡುಗರ ಮುಖ ಕೆಂಪೇರಿತು. ಮೇಷ್ಟ್ರ ಬಾಯಿ ತೆರೆದೇ ಇತ್ತು. ಅವರಿಗೆ ಹೊರಗೆ ಬಿಡಲು ಉಸಿರಿರಲಿಲ್ಲ. ಕೊನೆಗೆ ನಾನೇ “ಬಿಡಿ!” ಎಂದು ಕೂಗಿದೆ.

ಅವರು ವೇದಿಕೆಯ ಮೆಟ್ಟಿಲು ಹಿಡಿದು ಇಳಿದು ಬಂದರು. ಬಿಸಿಲಿಗೆ ಬೆನ್ನು ಮಾಡಿ ನನ್ನೆದುರು ನಿಂತರು. ಕೋಟು ಗೂಟಕ್ಕೆ ನೇತುಹಾಕಿದ ಹಾಗೆ ತೂಗುತ್ತಿತ್ತು. ನಿಂತಲ್ಲೇ ಸಣ್ಣಗೆ ತೂರಾಡುತ್ತಿದ್ದರು.

“ರುದ್ರಯ್ಯ” ಎಂದರು. ಅದು ಅವರ ದನಿಯಾಗಿರಲಿಲ್ಲ, ಗೆರೆಯಾಚೆಯಿಂದ ಒಮ್ಮೆ “ಸಾ, ನಂಗೆ...” ಎಂದು ಕೇಳಿಸಿತ್ತಲ್ಲ, ಆ ದನಿ. “ಜ್ವರ ಇದೆಯೇನೋ. ಒಂದು ಸಲ ಮುಟ್ಟಿ ನೋಡಯ್ಯಾ.”

ಎರಡು ಕೈಯನ್ನೂ ಮೆಲ್ಲಗೆ ಮೇಲೆತ್ತಿದರು.

ನನ್ನ ಕೈಯಲ್ಲಿ ರಿಜಿಸ್ಟರು ಇತ್ತು. ಕೆಳಗಿಡಬಹುದಿತ್ತು. ಅವರು ನನಗೆ ಅನ್ನ ಹಾಕಿದ ಮನುಷ್ಯ, ನಡುವೆ ಇದ್ದದ್ದು ಎರಡೇ ಹೆಜ್ಜೆ. ಮುಟ್ಟಿದರೆ ಆ ಬಿಸಿ ನನ್ನ ಅಂಗೈಗೂ ಹತ್ತುತ್ತದೆ, ಆಮೇಲೆ ಅದು ನನ್ನದಾಗುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅವರ ಮುಖ ನೋಡಲಿಲ್ಲ. ನೆಲ ನೋಡಿದೆ.

ನೆರಳು ಚೆನ್ನಾಗಿಯೇ ಇತ್ತು. ಅಗಲ ಭುಜ, ತುಂಬಿದ ಎದೆ.

“ಏನೂ ಇಲ್ಲ ಸಾರ್” ಎಂದು ಹೇಳಿ, ಪೆನ್ಸಿಲು ತೆಗೆದು, ಮೂವತ್ತಾರು ಅಂತ ಬರೆದುಕೊಂಡೆ.